ಬರಿ ಪಾತ್ರೆಗೆ ಬೀಗ ಹಾಕಬಾರದು

ಗೆಳೆಯರೇ, ಇವತ್ತು ನಮ್ಮ ಮೂವತ್ತೊಂದು ಪಾತ್ರೆಗಳನ್ನು ಬಾಡಿಗೆ ಗೋದಾಮಿನವರು ಬಾಗಿಲಲ್ಲೇ ತಡೆದರು. ತಾರ್ನಾಕದಲ್ಲಿ ನಾವಿದ್ದ ಮನೆಯನ್ನು ಮಾಲೀಕರು ಅಪಾರ್ಟ್‌ಮೆಂಟ್ ಕಟ್ಟಲು ಕೆಡವುತ್ತಿದ್ದಾರೆ. ನಾವು ಕೊಂಡ ಫ್ಲಾಟ್ ಸಿಗಲು ಇನ್ನೂ ನಾಲ್ಕು ತಿಂಗಳಿದೆ. ಅಲ್ಲಿಯವರೆಗೆ ಸಾಮಾನು ಗೋದಾಮಿಗೆ, ನಾವು ಗಂಡನ ಕಂಪನಿಯ ಗೆಸ್ಟ್‌ಹೌಸಿಗೆ.

ಪಾತ್ರೆ ತುಂಬಿದ ಡಬ್ಬ ಬಿಚ್ಚಿ ನೋಡಿದ ಮ್ಯಾನೇಜರ್, "ಚಾವಲ್ ನಕ್ಕೋ ಮೇಡಂ, ಚೂಹೇ ಆತೇ" ಎಂದರು. ಇಲಿ ಬರುತ್ತವೆಂದು ಅಲ್ಲಿ ದಿನಸಿ ಇಡಲು ಬಿಡುವುದಿಲ್ಲ. ನಾನು ತೊಳೆದು ಒರೆಸಿಟ್ಟಿದ್ದ ಪ್ರತಿ ಪಾತ್ರೆಗೂ ಅತ್ತೆ ಹಿಡಿ ಅಕ್ಕಿ ಹಾಕಿ ಕಟ್ಟಿದ್ದರು.

"ಬರಿ ಪಾತ್ರಿ ಒಳಗಿಟ್ಟು ಕೀಲಿ ಹಾಕ್ತಾರೇನವಾ? ಮನಿ ಬರಿದಾಗ್ತೈತಿ. ವಾಪಸ್ ಒಯ್ಯೋಣು ನಡಿ" ಎಂದರು ಅತ್ತೆ. ಒಯ್ಯಲು ಮನೆಯೆಲ್ಲಿದೆ? ಕೀಲಿಕೈ ಬೆಳಿಗ್ಗೆಯೇ ಮಾಲೀಕರಿಗೆ ಕೊಟ್ಟಾಗಿತ್ತು. ಅದು ನೆನಪಾಗಿ ಅತ್ತೆಯ ಕಣ್ಣು ತುಂಬಿತು.

ಲಾರಿಯಿಂದ ಸಾಮಾನು ಇಳಿಸುತ್ತಿದ್ದ ಯಾದಗಿರಿಯ ಭೀಮಣ್ಣ ಹತ್ತಿರ ಬಂದರು. "ಯವ್ವಾ, ನಮ್ಮವ್ವನೂ ಹಿಂಗ ಮಾಡ್ತಾಳ. ಅಕ್ಕಿ ತಗದು ದೊಡ್ಡದರಾಗ ಸಣ್ಣದು ಇಡೋಣು. ಆಮ್ಯಾಲ ಬರಿದು ಯಾವುದೈತಿ ಹೇಳ್ರಿ?"

"ಕಟ್ಟಕಡಿ ಬಟ್ಟಲಾ?"

"ಅದರಾಗ ಚಮಚ ಇಡ್ತೀನ್ರಿ. ಚಮಚದಾಗ ಏನಿಡ್ಲಿ ಅಂತ ಮಾತ್ರ ಕೇಳಬ್ಯಾಡ್ರಿ."

ಅತ್ತೆ ನಕ್ಕರು. ಎಲ್ಲ ಪಾತ್ರೆಗಳೂ ಒಂದರೊಳಗೊಂದು ಕುಳಿತವು, ಬೀಗ ಬಿತ್ತು.

ಈಗ ಗೆಸ್ಟ್‌ಹೌಸಿನಲ್ಲಿದ್ದೇವೆ. ಮೂವತ್ತೊಂದು ಹಿಡಿ ಅಕ್ಕಿ ಚೀಲದಲ್ಲಿದೆ. ಅನ್ನಕ್ಕಿಡಲು ಒಂದು ಪಾತ್ರೆಯೂ ಇಲ್ಲ.