ನೆರಳಿಗೆ ಹಾಕಿದ ಹುಣಸೆ ಬೀಜ

ಹೋದ ವಾರ ಬಸವನ ಬಾಗೇವಾಡಿಯ ಬಸ್ ನಿಲ್ದಾಣದಲ್ಲಿ ಕುಳಿತು, ಹಳೆಯ ಬಟ್ಟೆಚೀಲದಲ್ಲಿ ಓದುವ ಚಾಳೀಸಿಗಾಗಿ ತಡಕಾಡುತ್ತಿದ್ದೆ. ಚೀಲದ ಮೂಲೆಯ ಹೊಲಿಗೆಯಲ್ಲಿ ಸಿಕ್ಕಿಕೊಂಡಿದ್ದ ನಾಲ್ಕು ಹುಣಸೆ ಬೀಜ ಬೆರಳಿಗೆ ತಗುಲಿದವು. ಪಕ್ಕದಲ್ಲಿ ಕುಳಿತಿದ್ದ ಮುದುಕಿ ನೋಡಿ, "ಚೌಕಾಬಾರ ಆಡಾಕ ಇಟಗೊಂಡೀರೇನ್ರಿ?" ಎಂದು ನಕ್ಕಳು. ನಾನೂ ನಕ್ಕೆ. ಆದರೆ ಆ ಬೀಜ ಆಟದ್ದಲ್ಲ. ಬಸ್ಸು ಬರುವವರೆಗೂ ಅವನ್ನು ಅಂಗೈಯಲ್ಲೇ ಹಿಡಿದುಕೊಂಡು ಕುಳಿತೆ...

ಪಂಚಾಯ್ತಿಗಳಿಗೆ ಯೋಜನೆ ಬರೆಯಲು ನೆರವಾಗುವುದು ನನ್ನ ಕೆಲಸ. ಹವಾಮಾನ ಬದಲಾಗುತ್ತಿದೆ, ಬಿಸಿಲು ಏರುತ್ತಿದೆ, ಮಳೆ ಹೊತ್ತಲ್ಲದ ಹೊತ್ತಿಗೆ ಸುರಿಯುತ್ತಿದೆ. ಇದಕ್ಕೆ ಊರು ಹೇಗೆ ಹೊಂದಿಕೊಳ್ಳಬೇಕು, ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ಊರವರನ್ನೇ ಕೇಳಿ ಬರೆಯಬೇಕು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ತಾಲ್ಲೂಕುಗಳಲ್ಲಿ ತಿರುಗಿದ್ದೇನೆ. ನಾನು ಹೇಳುವ ಊರು ಇವುಗಳಲ್ಲಿ ಯಾವುದಕ್ಕೆ ಸೇರಿದ್ದು ಎಂದು ಮಾತ್ರ ಬರೆಯುವುದಿಲ್ಲ. ಬರೆದರೆ ಉಳಿದ ಮೂರು ತಾಲ್ಲೂಕಿನವರು ತಾವು ಪಾರಾದೆವು ಎಂದುಕೊಳ್ಳುತ್ತಾರೆ.

ಆ ಬೀಜ ಕಂಡಾಗ ನೆನಪಾದವಳು ಆ ಊರಿನ ಉದ್ಯೋಗ ಖಾತ್ರಿ ಕೆಲಸದ ಮೇಟ್. ಕೂಲಿಯವರನ್ನು ಕೂಡಿಸುವುದು, ಅಳತೆ ಹಾಕಿ ಕೊಡುವುದು, ಹಾಜರಿ ತೆಗೆದುಕೊಳ್ಳುವುದು ಅವಳ ಪಾಲಿನ ಕೆಲಸ. ಸರಕಾರ ಆ ಹುದ್ದೆಗೆ ಇನ್ನೊಂದು ಚೆಂದದ ಹೆಸರು ಇಟ್ಟಿದೆ, ಊರಲ್ಲಿ ಮಾತ್ರ ಎಲ್ಲರೂ ಅವಳನ್ನು ಮೇಟ್ ಅವ್ವ ಎಂದೇ ಕರೆಯುತ್ತಿದ್ದರು. ಐವತ್ತು ದಾಟಿತ್ತು. ನಾಲ್ಕನೆಯ ಇಯತ್ತೆಯವರೆಗೆ ಓದಿದ್ದಳು. ಮಾತು ನೇರ, ಕೆಲವರಿಗೆ ಚುಚ್ಚುವಷ್ಟು ನೇರ.

ಮೊದಲ ಸಲ ಅವಳನ್ನು ನೋಡಿದ್ದು ಪಂಚಾಯ್ತಿಯ ಬಾಗಿಲಲ್ಲಿ. ನಾನು ಹನ್ನೊಂದು ಗಂಟೆಗೆ ಸಭೆ ಕರೆದಿದ್ದೆ. ಮೇಲೆ ಫ್ಯಾನು, ಕೆಳಗೆ ಕುರ್ಚಿ, ಕುರ್ಚಿಯ ತುಂಬ ಗಂಡಸರು. ಅಧ್ಯಕ್ಷರು ಅಗಸಿಯ ಕಮಾನು ಆಗಬೇಕೆಂದರು, ಇನ್ನೊಬ್ಬರು ಗರಡಿಮನೆ ಎಂದರು, ನಾನು ಬರೆದುಕೊಳ್ಳುತ್ತಿದ್ದೆ. ಹಾಜರಿ ಪಟ್ಟಿ ಒಯ್ಯಲು ಬಂದಿದ್ದ ಅವಳು ಸ್ವಲ್ಪ ಹೊತ್ತು ನಿಂತು ಕೇಳಿಸಿಕೊಂಡಳು.

"ಬಾಯಾರ, ನೆಳ್ಳಾಗ ಕುಂತವರನ್ನ ಕೇಳಿ ಬಿಸಲಿಂದು ಬರಕೊಂಡು ಹೊಂಟೀರಲ್ರಿ," ಎಂದಳು. "ಬಿಸಲಾಗ ಇರೋರು ಹಳ್ಳದ ಕೆಲಸದಾಗ ಅದಾರ. ನಾಳಿ ಮುಂಜಾನಿ ಏಳಕ್ಕ ಅಲ್ಲಿಗಿ ಬರ್ರಿ."

ನನಗೆ ನಾಚಿಕೆಯಾಯಿತು. ಈ ಕೆಲಸದಲ್ಲಿ ನಾನು ಹೊಸಬಳೇನೂ ಆಗಿರಲಿಲ್ಲ. ಮರುದಿನ ನಾನು ಉಳಿದುಕೊಂಡಿದ್ದ ಸಿಂದಗಿಯಿಂದ ಮೊದಲ ಬಸ್ಸು ಹತ್ತಿ ಹೋದೆ.

ಹಳ್ಳದ ಹೂಳು ತೆಗೆಯುವ ಕೆಲಸ ನಡೆದಿತ್ತು. ದಂಡೆಯ ಮೇಲೆ ಒಂದೇ ಒಂದು ಜಾಲಿಗಿಡ. ಜಾಲಿಯ ನೆರಳೆಂದರೆ ತಲೆಯ ಮೇಲೆ ಜರಡಿ ಹಿಡಿದಂತೆ. ನಾನು ರಂಗೋಲಿ ಪುಡಿಯಲ್ಲಿ ನೆಲದ ಮೇಲೆ ಚಿತ್ರ ಬರೆದೆ: ಒಂದು ರಸ್ತೆ, ಒಂದು ಕೆರೆ, ಗಿಡ, ನೀರಿನ ಟಾಕಿ, ಕೆಲಸದ ಜಾಗದಲ್ಲಿ ನೆರಳಿನ ಚಪ್ಪರ. ಒಬ್ಬೊಬ್ಬರ ಕೈಗೆ ಹತ್ತು ಹುಣಸೆ ಬೀಜ ಕೊಟ್ಟೆ. ಯಾವುದು ಹೆಚ್ಚು ಬೇಕೋ ಅದರ ಮೇಲೆ ಹೆಚ್ಚು ಬೀಜ ಹಾಕಿ ಎಂದೆ. ಹೆಂಗಸರು ಸಾಲಾಗಿ ಬಂದು ಸುರುವಿದ್ದೆಲ್ಲ ರಸ್ತೆಯ ಮೇಲೆ. ಚಪ್ಪರದ ಮೇಲೆ ಬಿದ್ದದ್ದು ಮೂರೋ ನಾಲ್ಕೋ. ನಾನು ಬೆಪ್ಪಾದೆ. ಇಷ್ಟು ಬಿಸಿಲಲ್ಲಿ ನಿಂತು ಕಾಂಕ್ರೀಟು ರಸ್ತೆ ಬೇಡುತ್ತೀರಾ ಎಂದು ಕೇಳಿದೆ.

ಒಬ್ಬಳು ನನಗೇ ಬುದ್ಧಿ ಹೇಳಿದಳು. "ರಸ್ತಾ ಕೊಡ್ತಾರಲ್ರಿ ಬಾಯಾರ. ಕೊಡದಿದ್ದಕ್ಕ ಬೀಜ ಹಾಕಿ ಯಾಕ ಹಾಳ ಮಾಡೂದು?"

ವರ್ಷಗಟ್ಟಲೆ ಕೇಳಿದ್ದು ಬಾರದೆ, ಬರುವುದನ್ನೇ ಕೇಳುವುದು ರೂಢಿಯಾಗಿತ್ತು. ಮೇಟ್ ಅವ್ವ ಮಾತ್ರ ಎದ್ದು ಬಂದು, ಎಲ್ಲ ಬೀಜಗಳನ್ನೂ ಎರಡೂ ಕೈಯಿಂದ ಬಳಿದು ಉಡಿಗೆ ಹಾಕಿಕೊಂಡಳು.

"ದವಾಖಾನಿಗಿ ಹೋದ್ರ ಡಾಕ್ಟರ ಕಡೆ ಯಾ ಗುಳಗಿ ಅದಾವ ಅಂತ ನೋಡಿ ಬ್ಯಾನಿ ಹೇಳ್ತೀರೇನು? ಹೋದ ಬ್ಯಾಸಗ್ಯಾಗ ನಿಮಗ ಏನೇನ ಆಗಿತ್ತು, ಅದನ್ನ ಮೊದಲ ಹೇಳ್ರಿ. ಆಮ್ಯಾಲ ಬೀಜ ಕೊಡ್ತೇನಿ."

ಆಗ ಹೇಳತೊಡಗಿದರು. ಒಬ್ಬಳಿಗೆ ಕಣ್ಣು ಕತ್ತಲೆ ಬಂದು ಬುಟ್ಟಿ ಸಮೇತ ಬಿದ್ದದ್ದು. ಬಸುರಿಯೊಬ್ಬಳು ವಾಂತಿ ಮಾಡಿಕೊಂಡದ್ದು. ನೀರಡಿಸಿದರೂ ನೀರು ಕುಡಿಯದೆ ಇರುವುದು, ಕುಡಿದರೆ ಮರೆಗೆ ಹೋಗಲು ಒಂದು ಪೊದೆಯೂ ಇಲ್ಲವೆಂದು. ಎರಡನೆಯ ಸಲ ಬೀಜ ಹಾಕಿದಾಗ ಚಪ್ಪರದ ಚಿತ್ರವೇ ಮುಚ್ಚಿಹೋಯಿತು. ಕೆಲಸದ ಜಾಗದಲ್ಲಿ ನೆರಳು ಮತ್ತು ನೀರು, ಬೇಸಿಗೆಯಲ್ಲಿ ಬೆಳಿಗ್ಗೆ ಬೇಗ ಬಂದು ಹತ್ತಕ್ಕೆ ಬಿಡುವ ಕೆಲಸದ ವೇಳೆ. ಇದನ್ನೇ ನಾನು ಮೊದಲ ಆದ್ಯತೆ ಎಂದು ಬರೆದುಕೊಂಡೆ. ನೆರಳು, ನೀರು ಕೊಡಬೇಕೆಂಬ ನಿಯಮ ಕಾಗದದಲ್ಲಿ ಮೊದಲಿನಿಂದಲೂ ಇದೆ. ಇದ್ದದ್ದನ್ನೇ ಇವರು ಬೇಡಿ ಪಡೆಯಬೇಕಿತ್ತು.

ಊಟಕ್ಕೆ ಅವಳೇ ಕೂರಿಸಿಕೊಂಡಳು. ಸಜ್ಜೆ ರೊಟ್ಟಿ, ಗುರೆಳ್ಳು ಹಿಂಡಿ. ಉಣ್ಣುವಾಗ ಅವಳು ಸೆರಗಿನ ತುದಿಯನ್ನು ನೀರಲ್ಲಿ ಅದ್ದಿ ಹಿಂಡಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದ ಫೋನಿನ ಮೇಲೆ ಹೊದಿಸಿದಳು. ಹಾಜರಿಗೆಂದು ದಿನಕ್ಕೆ ಎರಡು ಸಲ ಕೂಲಿಯವರ ಫೋಟೊ ತೆಗೆದು ಕಳಿಸಬೇಕಿತ್ತು, ಮುಂಜಾನೆ ಒಂದು, ಮಧ್ಯಾಹ್ನ ಒಂದು. ಕೆಲಸ ಮುಗಿದರೂ ಎರಡನೆಯ ಫೋಟೊಗಾಗಿ ಎಲ್ಲರೂ ಅಲ್ಲೇ ಕಾಯಬೇಕು. ಬಿಸಿಲಿಗೆ ಫೋನು ಕಾದರೆ ತಾನೇ ಬಂದ್ ಆಗುತ್ತಿತ್ತಂತೆ.

"ಇದಕ್ಕ ಮೊದಲ ನೆಳ್ಳ ಮಾಡಬೇಕ್ರಿ," ಎಂದಳು. "ಇದು ಕೆಟ್ರ ಎಲ್ಲಾರ ಹಾಜರಿ ಹೋಗ್ತೈತಿ. ನಾವು ಕೆಟ್ರ ಒಬ್ಬರದ."

ಅವಳು ನಗುತ್ತಲೇ ಹೇಳಿದ್ದಳು. ನನಗೆ ಈಗಲೂ ಆ ಮಾತಿಗೆ ಮೈ ಉರಿಯುತ್ತದೆ.

ಬರೆದುಕೊಂಡದ್ದನ್ನು ಮೇಲಿನ ಕಚೇರಿಗೆ ಒಯ್ದೆ. ಅಲ್ಲಿಯ ಸಾಹೇಬರು ಮೊದಲ ಸಾಲನ್ನು ಎರಡು ಸಲ ಓದಿದರು. "ಮೇಡಂ, ಯೋಜನಾ ಅಂದ್ರ ಕಣ್ಣಿಗೆ ಕಾಣೂವಂಥಾದ್ದು ಏನರ ಉಳೀಬೇಕ್ರಿ. ಚಪ್ಪರ ಗಾಳಿಗಿ ಹಾರಿ ಹೋಗ್ತೈತಿ. ಉದ್ಘಾಟನಾ ಮಾಡಾಕರ ಬರ್ತೈತೇನು?" ಎಂದರು. ನಾನು ವಾದ ಮಾಡಿದೆ. ನೋಡೋಣ ಎಂದರು. ನೋಡೋಣ ಎಂದರೆ ಏನರ್ಥವೆಂದು ಗೊತ್ತಿದ್ದೂ ಎದ್ದು ಬಂದೆ. ಇಪ್ಪತ್ತು ದಿನದ ಮೇಲೆ ಸಹಿಗೆಂದು ಕರೆದರು. ನಮ್ಮಲ್ಲೊಂದು ಪದ್ಧತಿ ಇದೆ, ಸಹಿಗೆ ಕೊಡುವುದು ಕಡೆಯ ಹಾಳೆಯನ್ನು ಮಾತ್ರ. ಸಿಂದಗಿಗೆ ಹೋಗುವ ಕೊನೆಯ ಬಸ್ಸಿಗೆ ಹೊತ್ತಾಗಿತ್ತು. ನಿಂತಲ್ಲೇ ಸಹಿ ಮಾಡಿದೆ.

ಪೂರ್ತಿ ಪ್ರತಿ ಕೈಗೆ ಬಂದದ್ದು ತಿಂಗಳ ಮೇಲೆ. ಓದಿದರೆ, ಹೊಳೆಯ ಸುಳಿವೇ ಇಲ್ಲದ ಆ ಊರಿಗೆ ಪ್ರವಾಹ ತಡೆಗೋಡೆ ಬರೆದಿದ್ದಾರೆ. ಹೊಳೆದಂಡೆಯ ಯಾವುದೋ ಊರಿನ ಯೋಜನೆಯನ್ನು ಎತ್ತಿ ಇಲ್ಲಿ ಇಳಿಸಿ, ಊರಿನ ಹೆಸರಷ್ಟೇ ಬದಲಿಸಿದ್ದರು. ಮೊದಲ ಆದ್ಯತೆ, ಹವಾಮಾನ ತಾಳಿಕೆಯ ಕಾಂಕ್ರೀಟು ರಸ್ತೆ. ನೆರಳಿನ ಸಾಲು ಎಲ್ಲಿಯೂ ಇರಲಿಲ್ಲ. ಕೊನೆಯಲ್ಲಿ ಊರವರ ಸಹಭಾಗಿತ್ವದಿಂದ ಸಿದ್ಧಪಡಿಸಿದ್ದು ಎಂದು ಬರೆದು, ಅದರ ಕೆಳಗೆ ನನ್ನ ಸಹಿ. ತಿದ್ದಿಸಲು ಮೂರು ಸಲ ಅಲೆದೆ. ಮಂಜೂರಾಗಿದೆ, ಮುಂದಿನ ವರ್ಷ ನೋಡೋಣ ಎಂದರು.

ಅವಳಿಗೆ ಫೋನಿನಲ್ಲಿ ಹೇಳಿದೆ. ಬೈಯಲಿಲ್ಲ. "ನೀವರ ಓದಬೇಕಿತ್ತಲ್ರಿ ಬಾಯಾರ," ಎಂದಳು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು...

ಮುಂದಿನ ಬೇಸಿಗೆಯಲ್ಲಿ ಅವಳ ಸೊಸೆಯ ಫೋನು ಬಂತು. "ಅತ್ತಿ ಹ್ವಾದ್ರಿ ಬಾಯಾರ." ಅಂದು ಅಗೆತ ಮುಂಜಾನೆಯೇ ಮುಗಿದಿತ್ತು. ಮಧ್ಯಾಹ್ನದ ಫೋಟೊ ಹೋಗಲಿಲ್ಲ, ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಉಳಿದವರನ್ನು ಜಾಲಿಯ ಕೆಳಗೆ ಕೂರಿಸಿ, ಅವಳು ಹೂಳಿನ ದಿಬ್ಬ ಹತ್ತಿ ಫೋನನ್ನು ಮೇಲೆತ್ತಿ ಹಿಡಿದು ನಿಂತಳಂತೆ. ಒಂದು ಗಂಟೆಯ ಮೇಲಾಯಿತು, ಇಳಿದು ಬಾ ಎಂದು ಕರೆದರೂ ಇಳಿಯಲಿಲ್ಲ. ಇಳಿದರೆ ಅಷ್ಟೂ ಮಂದಿಯ ದಿನದ ಕೂಲಿ ಹೋಗುತ್ತಿತ್ತು. ನಿಂತಲ್ಲಿಂದ ಕುಸಿದು ಕೆಳಗೆ ಉರುಳಿದಳು. ಮೈ ಮುಟ್ಟಿದರೆ ಸುಡುತ್ತಿತ್ತು, ಬೆವರು ಇರಲಿಲ್ಲ ಎಂದು ಸೊಸೆ ಹೇಳಿದಳು. ಟಂಟಂ ಗಾಡಿ ಹುಡುಕಿ ದವಾಖಾನೆ ಮುಟ್ಟುವಷ್ಟರಲ್ಲಿ ಮುಗಿದಿತ್ತು.

ಅವಳ ಮಣ್ಣಿಗೆ ಹೋದೆ. ಮನೆಯಲ್ಲಿ ಬುದ್ಧನ ಫೋಟೊದ ಕೆಳಗೆ ಮೇಣದಬತ್ತಿ ಹಚ್ಚಿಟ್ಟಿದ್ದರು. ಪಂಚಾಯ್ತಿಯವರು ಹಾರ ತಂದಿದ್ದರು, ಒಬ್ಬರು ಭಾಷಣವನ್ನೂ ಮಾಡಿದರು. ಸಾವಿನ ಕಾಗದದಲ್ಲಿ ಹೃದಯ ನಿಂತು ಎಂದಿತ್ತು. ಯಾರ ಹೃದಯ ನಿಲ್ಲದೆ ಸಾವು ಬರುತ್ತದೆ? ಬಿಸಿಲು ಎಂದು ಬರೆದರೆ ನೆರಳು ಯಾಕೆ ಕೊಡಲಿಲ್ಲ ಎಂಬ ಪ್ರಶ್ನೆ ಏಳುತ್ತದೆ. ಹೃದಯ ಎಂದರೆ ತಪ್ಪೆಲ್ಲ ಸತ್ತವಳದೇ ಆಗುತ್ತದೆ. ಆ ಯೋಜನೆಯ ಕೆಳಗೆ ನನ್ನ ಸಹಿಯೂ ಇತ್ತಲ್ಲ, ಅದಕ್ಕೇ ಅಲ್ಲಿ ಯಾರ ಮುಖವನ್ನೂ ನೋಡಲಾರದೆ ಬೇಗ ಹೊರಟುಬಂದೆ.

ಅದಾಗಿ ಮೂರು ಬೇಸಿಗೆ ಕಳೆದಿವೆ. ಈ ವರ್ಷ ಯೋಜನೆಗೆ ಹೊಸ ನಮೂನೆ ಬಂದಿದೆ. ಅದರಲ್ಲೊಂದು ಕಾಲಂ: ಕಳೆದ ಐದು ವರ್ಷಗಳಲ್ಲಿ ಬಿಸಿಲಿನಿಂದ ಮೃತಪಟ್ಟವರು. ನೆರಳಿನಂಥ ಕೆಲಸಕ್ಕೆ ಆದ್ಯತೆ ಕೊಡುವುದೇ ಆ ಅಂಕಿ ನೋಡಿ. ಹೋದ ವಾರ ಆ ಬಸ್ಸು ಹತ್ತಿ ನಾನು ಹೋದದ್ದು ಪಂಚಾಯ್ತಿಗಳು ತುಂಬಿ ಕಳಿಸಿದ್ದನ್ನು ಪರಿಶೀಲಿಸುವ ಸಭೆಗೆ. ಅವಳ ಊರಿನ ಮುಂದೆ ಸೊನ್ನೆ ಇತ್ತು. ಒಂದು ಮಾಡಿ ಎಂದೆ. ಕಂಪ್ಯೂಟರಿನ ಮುಂದೆ ಕುಳಿತಿದ್ದ ಹೆಣ್ಣುಮಗಳು ಒತ್ತಿ ನೋಡಿದಳು.

"ಒಂದು ಅಂದ್ರ ಸರ್ಟಿಫಿಕೇಟ್ ಕೇಳ್ತೈತ್ರಿ ಮೇಡಂ. ಸೊನ್ನಿ ಅಂದ್ರ ಏನೂ ಕೇಳೂದಿಲ್ಲ, ಸುಮ್ಮನ ತಗೋತೈತಿ."

ನಾನು ಪ್ರಿಂಟ್ ತೆಗೆಸಿದೆ. ಮೊದಲ ಹಾಳೆಯಿಂದ ಕಡೆಯ ಹಾಳೆಯವರೆಗೆ ಕುಳಿತು ಓದಿದೆ. ಸೊನ್ನೆಯನ್ನು ಪೆನ್ನಿನಿಂದ ಹೊಡೆದು ಒಂದು ಎಂದು ಬರೆದೆ. ಅಂಚಿನಲ್ಲಿ ಅವಳ ಹೆಸರು, ಓಣಿ, ಸತ್ತ ದಿನ, ಆ ದಿಬ್ಬ, ಆ ಫೋಟೊ, ಎಲ್ಲವನ್ನೂ ಬರೆದು ಸಹಿ ಮಾಡಿ ಕೊಟ್ಟೆ. ನಿನ್ನೆ ಅದು ಹಿಂದಿರುಗಿ ಬಂದಿದೆ. ದಾಖಲೆ ಇಲ್ಲದ ಕಾರಣ ಸೊನ್ನೆ ಎಂದು ತಿದ್ದಿ ಕಳಿಸುವುದು ಎಂದು ಚೀಟಿ ಅಂಟಿಸಿದ್ದಾರೆ. ಅವ್ವ ಇಲ್ಲ, ಇನ್ನು ನೆರಳು ಬಂದರೂ ಅವಳಿಗೆ ಬರುವುದಿಲ್ಲ. ಇಷ್ಟು ಬರೆಯುವ ಹೊತ್ತಿಗೂ ಆ ಹಾಳೆ ನನ್ನ ಮುಂದೆಯೇ ಇದೆ. ನಾನು ತಿದ್ದಿಲ್ಲ.