ಮಾವನ ಕೊಂಬಿನ ಬಿಲ್ಲು

ಆ ಓಣಿಯಲ್ಲಿ ಅವಳನ್ನು ಎಲ್ಲರೂ ಛೀಯಕ್ಕ ಎಂದೇ ಕರೆಯುತ್ತಿದ್ದರು. ಅದರಲ್ಲಿ ಅವಳ ತಪ್ಪೇನೂ ಇಲ್ಲ. ಹಿತ್ತಿಲಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಿಲ್ಲಿನ ಅಂಟಿಗೆಂದು ಚರ್ಮದ ಚೂರು, ಗೊರಸು, ಮೀನಿನ ಗಾಳಿಚೀಲ ಬೇಯುತ್ತಿರುವ ಮನೆಗೆ ಸೊಸೆಯಾಗಿ ಬಂದವಳು ಬೇರೇನು ಅಂದಾಳು? ಮದುವೆಯಾಗಿ ಬಂದ ದಿನ ಬಾಗಿಲಲ್ಲೇ ನಿಂತು, ಅಂಗೈ ಮೂಗಿಗೆ ಒತ್ತಿಕೊಂಡು, ಛೀ ಅಂದಳು. ಮಕ್ಕಳು ದೊಡ್ಡವರಾಗಿ ಅವರವರ ದಾರಿ ಹಿಡಿದರೂ ಅದು ನಿಲ್ಲಲಿಲ್ಲ. ಅಂಟಿನ ವಾಸನೆ ದಿಂಬಿಗೆ ಹತ್ತಿತ್ತು, ಕುಡಿಯುವ ನೀರಿಗೆ ಹತ್ತಿತ್ತು, ಗಂಡನ ತಲೆಗೂದಲಿನ ವಿಷಯವಂತೂ ಕೇಳುವುದೇ ಬೇಡ.

ಅವಳ ತವರಿನವರೂ ಬಿಲ್ಲು ಮಾಡುವವರೇ. ಆದರೆ ಅಲ್ಲಿಯದು ಆಳುದ್ದದ ಬಿಲ್ಲು, ಒಂದೇ ಮರದ ಸೀಳು. ಹೊರಗಡೆ ಎಳೆತ ತಾಳುವ ಬಿಳಿ ಮರ, ಒಳಗಡೆ ಒತ್ತಡ ತಾಳುವ ಕೆಂಪು ತಿರುಳು. ಎರಡನ್ನೂ ಮರವೇ ಜೋಡಿಸಿ ಕೊಟ್ಟಿರುತ್ತದೆ, ಬೇಡದ್ದನ್ನು ಕೆತ್ತಿ ತೆಗೆದರಾಯಿತು. ಸಂಜೆ ಹೆರೆದ ಸಿಪ್ಪೆ ಗುಡಿಸಿ ಹಾಕಿದರೆ ಮನೆ ಮನೆಯಂತಿರುತ್ತಿತ್ತು. ಚಿಕ್ಕಂದಿನಿಂದ ಅಂಥ ಬಿಲ್ಲು ಎಳೆದೂ ಎಳೆದೂ ಅವಳ ಬಲಭುಜ ಎಡಕ್ಕಿಂತ ದಪ್ಪಗಾಗಿತ್ತು. ಅಳತೆ ತೆಗೆಯುವಾಗಲೆಲ್ಲ ದರ್ಜಿ ಗೊಣಗುತ್ತಿದ್ದ.

ಗಂಡನ ಮನೆಯದು ತುದಿ ಹೊರಬಾಗಿದ ಗಿಡ್ಡ ಬಿಲ್ಲು. ನಡುವೆ ತೆಳು ಮರ, ಎಳೆಯುವವನಿಗೆ ಎದುರಾದ ಹೊಟ್ಟೆಯ ಕಡೆ ಎಮ್ಮೆಯ ಕೊಂಬಿನ ಪಟ್ಟಿ, ಆಚೆ ಮಗ್ಗುಲಿನ ಬೆನ್ನಿಗೆ ಬಾಚಿ ಎಳೆಎಳೆಯಾಗಿ ಅಂಟಿಸಿದ ದನದ ಕಾಲಿನ ನರ. ಒಂದು ಪದರ ಒಣಗಿದ ಮೇಲೆ ಇನ್ನೊಂದು. ಒಂದು ಬಿಲ್ಲು ಕೈಗೆ ಬರುವಷ್ಟರಲ್ಲಿ ಓಣಿಯಲ್ಲಿ ಹುಟ್ಟಿದ ಮಗು ಎದ್ದು ನಡೆಯಲು ಕಲಿತಿರುತ್ತಿತ್ತು. ಇದಕ್ಕೆ ಇನ್ನೊಂದು ಗುಣವಿದೆ. ಹೆದೆ ಬಿಚ್ಚಿದರೆ ಸಾಕು, ಮಲಗಿದ ನಾಯಿಯಂತೆ ಬೆನ್ನಿನ ಕಡೆಗೆ ಸುರುಳಿ ಸುತ್ತಿಕೊಳ್ಳುತ್ತದೆ. ಹೆದೆ ಏರಿಸಬೇಕಾದರೆ ಆ ಸುರುಳಿಯನ್ನು ಬಿಡಿಸಿ, ಪೂರ್ತಿ ಎದುರು ದಿಕ್ಕಿಗೆ ಬಗ್ಗಿಸಬೇಕು.

ಮಾವನ ಕೈ ನಡುಗಲು ಶುರುವಾದದ್ದು ಕಣ್ಣು ಮಂಜಾದ ಮೇಲೆ. ಆಗ ಅವರ ಮುಂದೆ ಒಂದು ಬಿಲ್ಲು ಅರ್ಧಕ್ಕೆ ನಿಂತಿತ್ತು. ಗಂಡನಿಗೆ ಆ ಕಸುಬು ಒಲಿದಿರಲಿಲ್ಲ, ಅವನು ಬಾಗಿಲು ಕಿಟಕಿ ರಿಪೇರಿ ಮಾಡಿಕೊಂಡಿದ್ದ. ಕೊನೆಗೆ ಛೀಯಕ್ಕನೇ ಮುಖ ಸಿಂಡರಿಸಿಕೊಂಡು ಬಂದು ಕೂತಳು. ನರವನ್ನು ನೆನೆಸಿ, ಬಾಚಿ, ಲೋಳೆ ಜಿನುಗುವ ಎಳೆಗಳನ್ನು ಮಾವನ ಬೆರಳಿಗೆ ಕೊಡುತ್ತಿದ್ದಳು. ಅವರು ತಡಕಾಡಿ ಜಾಗ ಹುಡುಕಿ ಒತ್ತುತ್ತಿದ್ದರು. ಅಂಟಿನ ಬಿಸಿಯನ್ನು ತುಟಿಗೆ ಮುಟ್ಟಿಸಿ ನೋಡುವುದು ಅವರ ಪದ್ಧತಿ. ಅದನ್ನು ನೋಡಿದಾಗಲೆಲ್ಲ ಅವಳಿಗೆ ವಾಕರಿಕೆ ಬರುತ್ತಿತ್ತು, ಆದರೂ ಎದ್ದು ಹೋಗುತ್ತಿರಲಿಲ್ಲ. ಇದೇ ಕೊನೆಯದು, ಇನ್ನೊಂದಕ್ಕೆ ಈ ಕೈ ಬಾರದು ಎಂದು ಇಬ್ಬರಿಗೂ ಗೊತ್ತಿತ್ತು. ಅದು ಮುಗಿಯುವ ಮುಂಚೆ ಎಲ್ಲಿ ಹೋಗಿಬಿಡುತ್ತೇನೋ ಎಂದು ಮುದುಕರು ರಾತ್ರಿಯೆಲ್ಲ ಹೊರಳಾಡುತ್ತಿದ್ದರು.

ಅಂತೂ ಮುಗಿಯಿತು, ಹಿಡಿಗೆ ಚರ್ಮ ಸುತ್ತುವುದೊಂದು ಬಾಕಿ. ಪಟ್ಟಣದ ವಸ್ತುಸಂಗ್ರಹಾಲಯದವರು ಹಳೆಯ ಯುದ್ಧಗಳ ಕೋಣೆಯಲ್ಲಿ ಒಂದೇ ಗಾಜಿನ ಪೆಟ್ಟಿಗೆಯೊಳಗೆ ಉದ್ದ ಬಿಲ್ಲನ್ನೂ ಕೊಂಬಿನ ಬಿಲ್ಲನ್ನೂ ಅಕ್ಕಪಕ್ಕ ಇಡುತ್ತೇವೆ ಅಂದರು. ಉದ್ದದ್ದು ಅವಳ ಅಣ್ಣನದು, ಗಿಡ್ಡದ್ದು ಮಾವನದು. ಅಣ್ಣ ತನ್ನ ಬಿಲ್ಲನ್ನು ಹೆಗಲಿಗೇರಿಸಿಕೊಂಡು ಬಂದು ಮನೆಯಲ್ಲೇ ಉಳಿದುಕೊಂಡ. ಬಂದವನು ಸುಮ್ಮನಿದ್ದಾನೆಯೇ? ಊಟಕ್ಕೆ ಕೂತ ಕೂಡಲೇ ಜಂಬ ಕೊಚ್ಚಲು ಶುರುಮಾಡಿದ.

"ನಿಮ್ಮದು ಕುದುರೆ ಮೇಲೆ ಕೂತವರ ಆಟಿಕೆ ಮಾವ. ನೆಲದ ಮೇಲೆ ಸಾಲಾಗಿ ನಿಂತು ಇಡೀ ಸೈನ್ಯ ಮಲಗಿಸಿದ್ದು ನಮ್ಮ ಉದ್ದ ಬಿಲ್ಲು."

"ಅದನ್ನ ಹಿಡ್ಕೊಂಡು ನೀನು ಕುದುರೆ ಹತ್ತು ನೋಡೋಣ, ಕುದುರೆ ಕಣ್ಣಿಗೇ ಚುಚ್ತೀಯ," ಅಂದರು ಮಾವ. "ನಮ್ಮದು ಅರ್ಧ ಉದ್ದದಲ್ಲೇ ಅಷ್ಟು ಕಸು ತುಂಬ್ಕೊಂಡಿರತ್ತೆ. ಬಾಣಾನೂ ಜೋರಾಗಿ ಹೋಗತ್ತೆ."

"ಒಂದು ಮಳೆ ಬರ್ಲಿ, ನಿಮ್ಮ ಅಂಟು ಸಿಂಬಳ ಆಗತ್ತೆ."

"ಮಳೇಲಿ ನೆನೀಲಿಕ್ಕೆ ಬಿಡೋನು ಬಿಲ್ಲುಗಾರನೇ ಅಲ್ಲ. ನಿಮ್ಮದು ವಾರಕ್ಕೆ ಎರಡು ಕೆತ್ತಿ ಬಿಸಾಕೋದು, ಅದಕ್ಕೇ ರಾಜರಿಗೆ ಇಷ್ಟ ಆಗಿದ್ದು. ಹಿಡಿದವರನ್ನೂ ಹಾಗೇ ಬಿಸಾಕ್ತಿದ್ರು."

"ಕವಚ ತೂತು ಮಾಡಿ ಪಕ್ಕೆಲುಬಿನಿಂದ ಆಚೆ ಬಂದಿದ್ದು ಯಾರ ಬಾಣ, ಅದನ್ನ ಹೇಳಿ."

ಛೀಯಕ್ಕ ಸೌಟನ್ನು ಪಾತ್ರೆಯಲ್ಲಿ ಠಣ್ಣನೆ ಇಟ್ಟಳು. "ಊಟದ ಹೊತ್ತಲ್ಲಿ ಹೆಣ ಎಣಿಸ್ಬೇಡಿ. ಛೀ. ಇಬ್ಬರೂ ಒಂದು ಕೋಳಿ ಕೊಯ್ದವರಲ್ಲ, ಮಾತು ಕೇಳಿದ್ರೆ ದಿನಾ ರಕ್ತದಲ್ಲಿ ಕೈ ತೊಳೆಯೋರ ಹಾಗೆ."

ಅವಳಿಗೆ ಅಂಟಿನ ವಾಸನೆಗಿಂತ ಹೆಚ್ಚು ಹೇಸಿಗೆ ತರುತ್ತಿದ್ದದ್ದು ಈ ಮಾತು. ತವರಿನಲ್ಲೂ ಇದೇ, ಇಲ್ಲೂ ಇದೇ. ಯಾವ ಕಾಲದ್ದೋ ಯುದ್ಧ, ಯಾರದ್ದೋ ಮಗ ಕೆಸರಲ್ಲಿ ಬಿದ್ದು ಸತ್ತದ್ದು, ಇವರಿಗೆ ಮೀಸೆ ತಿರುವಲು ನೆಪ. ಸತ್ತವನ ತಾಯಿ ಎದುರಿಗೆ ಬಂದು ಕೂತಿದ್ದರೆ ಗಂಟಲಲ್ಲಿ ತುತ್ತು ಇಳಿಯುತ್ತಿತ್ತೇ ಎಂದು ಅವಳು ಎಷ್ಟೋ ಸಲ ಕೇಳಿದ್ದಳು. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಮರುದಿನ ಮಧ್ಯಾಹ್ನ ಮಾವ ಒಂದು ಜೊಂಪು ನಿದ್ದೆ ಮಾಡುತ್ತಿದ್ದರು. ಕೆಲಸದ ಕೋಣೆಯಿಂದ ಒಣಕಟ್ಟಿಗೆ ಸೀಳಿದಂಥ ಸದ್ದು ಬಂತು. ಅವಳು ಓಡಿ ಹೋಗಿ ನೋಡಿದರೆ ಅಣ್ಣ ಹೆದೆಯನ್ನು ಕೈಯಲ್ಲಿ ಹಿಡಿದು ನಿಂತಿದ್ದಾನೆ, ಕಾಲ ಬಳಿ ಬಿಲ್ಲು ಬಿದ್ದಿದೆ. ಕೊಂಬು ಹಿಡಿಯ ಹತ್ತಿರ ಅಡ್ಡಡ್ಡ ಬಾಯಿ ಬಿಟ್ಟಿತ್ತು.

ಏನಾಯಿತೆಂದು ಅವಳಿಗೆ ನೋಡಿದ ತಕ್ಷಣ ತಿಳಿಯಿತು. ಮರದ ಬಿಲ್ಲನ್ನು ಹೆದೆ ಏರಿಸಿಯೇ ಬಿಟ್ಟರೆ ಅದು ದಿನ ಕಳೆದಂತೆ ಹೆದೆಯ ಕಡೆಗೇ ಬಾಗಿ ಕೂರುತ್ತದೆ. ಹಾಗಾಗಿ ಅವಳ ತವರಿನವರಿಗೆ ಬಾಗಿದ ಕಡೆಯೇ ಹೆದೆಯ ಕಡೆ, ಅದನ್ನು ಯೋಚಿಸಿ ನೋಡುವ ಪ್ರಶ್ನೆಯೇ ಇಲ್ಲ. ಸುರುಳಿ ಸುತ್ತಿದ್ದ ಕೊಂಬಿನ ಬಿಲ್ಲನ್ನು ಅಣ್ಣ ಅದೇ ಸುರುಳಿಯ ಕಡೆಗೆ ಇನ್ನಷ್ಟು ಬಗ್ಗಿಸಿದ್ದ. ಒತ್ತಡ ತಾಳಲೆಂದು ಇಟ್ಟ ಕೊಂಬು ಎಳೆತಕ್ಕೆ ಸಿಕ್ಕಿ ಒಡೆದಿತ್ತು.

ತಪ್ಪಾಯಿತು ಎನ್ನಬೇಕಾದ ಬಾಯಿಂದ ಬಂದ ಮೊದಲ ಮಾತು ಇದು: "ನೋಡು, ಇದು ಗಟ್ಟಿ ಇರ್ಲೇ ಇಲ್ಲ."

ಅವಳಿಗೆ ಅವನ ಮುಖ ನೋಡಲೂ ಹೇಸಿಗೆಯಾಯಿತು. ಅಷ್ಟರಲ್ಲಿ ಗಂಡ ಬಂದ. ಅವನಾದರೂ ನಾಲ್ಕು ಮಾತು ಉಗಿಯುತ್ತಾನೆ ಅಂದುಕೊಂಡರೆ, ಬಾಗಿಲು ಹಾಕಿ, ದನಿ ತಗ್ಗಿಸಿ, ಅಣ್ಣನ ಬೆನ್ನು ಸವರಿದ. "ಗಾಜಿನೊಳಗೆ ಇಡೋದು ತಾನೇ. ಯಾರು ಎಳೀತಾರೆ ಅದನ್ನ? ಅಪ್ಪನಿಗೆ ಕಣ್ಣು ಕಾಣಲ್ಲ. ಈಗ ಹೇಳಿದ್ರೆ ಅವರು ಉಳಿಯಲ್ಲ."

ಇಬ್ಬರೂ ಸೇರಿ ಅಂಗಡಿಯ ಗೋಂದು ತಂದರು. ಬಿರುಕಿಗೆ ತುಂಬಿದರು, ದಾರ ಸುತ್ತಿದರು, ಮೇಲೆ ತೆಳು ಚರ್ಮ ಎಳೆದು ಅಂಟಿಸಿ ಉಜ್ಜಿ ಉಜ್ಜಿ ಹೊಳಪು ಬರಿಸಿದರು. ಮುದುಕರ ಒಳ್ಳೆಯದಕ್ಕೇ ಅಲ್ಲವೇ ಎಂದು ಛೀಯಕ್ಕನೂ ಬಾಯಿ ಹೊಲಿದುಕೊಂಡು ನಿಂತಳು.

ಮಾವ ಅದನ್ನು ತೊಡೆಯ ಮೇಲೆ ಇರಿಸಿಕೊಂಡು ಮಗುವಿನ ಬೆನ್ನು ನೇವರಿಸುವ ಹಾಗೆ ನೇವರಿಸಿದರು. "ಹಿಡಿಗೆ ಚರ್ಮ ಸುತ್ತಿದ್ದೀರಾ? ಒಳ್ಳೆ ಕೆಲಸ ಮಾಡಿದ್ರಿ," ಅಂದರು. ಅವತ್ತಿನಿಂದ ಅವರ ಹೊರಳಾಟ ನಿಂತಿತು. ಊಟ ಸೇರಿತು. ಗೊರಕೆ ಪಕ್ಕದ ಮನೆಗೆ ಕೇಳುವಷ್ಟಾಯಿತು. ಓಣಿಯ ಕ್ಷೌರಿಕನನ್ನು ಕರೆಸಿ ತೋರಿಸಿದರು, ಹಾಲಿನವಳಿಗೆ ತೋರಿಸಿದರು. ಅಣ್ಣ ಪಕ್ಕದಲ್ಲೇ ಕೂತು, "ಏನೇ ಹೇಳಿ ಮಾವ, ಇಂಥ ಕೆಲಸ ನಮ್ಮ ಕಡೆ ಯಾರಿಗೂ ಬರಲ್ಲ," ಎಂದು ಬೆಣ್ಣೆ ಹಚ್ಚುತ್ತಿದ್ದ. ಗಂಡ ತಲೆಯಾಡಿಸುತ್ತಿದ್ದ. ಇಬ್ಬರ ಮುಖದಲ್ಲೂ ಪುಣ್ಯ ಕಟ್ಟಿಕೊಂಡವರ ಕಳೆ. ಅವಳು ಅಡುಗೆಮನೆಯಲ್ಲಿ ನಿಂತಲ್ಲೇ ಸೆರಗನ್ನು ಮೂಗಿಗೆ ಒತ್ತಿಕೊಂಡು ಛೀ ಅಂದಳು. ಕೊಳೆತ ಚರ್ಮದ ವಾಸನೆಗಾದರೆ ಕಿಟಕಿ ತೆರೆಯಬಹುದು, ಇದಕ್ಕೆ ಏನು ಮಾಡುವುದು?

ಪಟ್ಟಣಕ್ಕೆ ಹೊರಡುವ ಹಿಂದಿನ ಸಂಜೆ ಮಾವ ಅವಳನ್ನು ಕರೆದರು. "ಅಲ್ಲಿ ಗಾಜಿನೊಳಗೆ ಇಡೋ ಮುಂಚೆ ಒಂದು ಸಲ ಹೆದೆ ಏರಿಸಿ ಎಳೆದು ತೋರಿಸಮ್ಮ. ಅದು ನಿನ್ನ ಭುಜಕ್ಕೆ ಮಾತ್ರ ಬಗ್ಗತ್ತೆ."

"ಅದಕ್ಕೆಲ್ಲ ಅವರು ಬಿಡಲ್ಲ ಅಪ್ಪ, ಕಾನೂನು ಇದೆ," ಎಂದು ಗಂಡ ನೀರು ಕುಡಿದಷ್ಟು ಸಲೀಸಾಗಿ ಹೇಳಿದ. ಅಣ್ಣ ಹೌದು ಹೌದು ಅಂದ.

ಆ ಸಲೀಸುತನವನ್ನೇ ಅವಳಿಗೆ ತಡೆಯಲಾಗಲಿಲ್ಲ. "ಮಾವ, ಅದು ಮುರಿದಿದೆ," ಅಂದುಬಿಟ್ಟಳು. "ಅಣ್ಣ ಸುರುಳಿ ಕಡೆಗೇ ಬಗ್ಗಿಸಿದ. ಇವರಿಬ್ಬರೂ ಗೋಂದು ಹಚ್ಚಿ ಮುಚ್ಚಿದ್ದಾರೆ. ನಾನೂ ಸುಮ್ಮನಿದ್ದೆ."

ಮಾವನ ಕೈ ಬಿಲ್ಲಿನ ಮೇಲೆ ಹಾಗೇ ನಿಂತಿತು.

"ಒಡೆದಿದ್ದು ಎಲ್ಲಿ? ಕೊಂಬಾ, ಅಂಟಾ?"

"ಕೊಂಬು. ಅಂಟು ಎಲ್ಲೂ ಬಿಟ್ಟಿಲ್ಲ."

"ಹಾಗಾದ್ರೆ ನನ್ನದೇನೂ ಮುರಿದಿಲ್ಲ ಬಿಡು," ಅಂದರು ಮುದುಕರು. "ಮುರಿದಿದ್ದು ಎಮ್ಮೆದು."

ಅಣ್ಣ ಮೊದಲು ನಕ್ಕ. ಆಮೇಲೆ ಗಂಡ ನಕ್ಕ. ಮಾವನೂ ನಕ್ಕರು, ಅಣ್ಣನನ್ನು ಕೈಹಿಡಿದು ಕೂರಿಸಿಕೊಂಡು, "ನಿಮ್ಮ ಮನೆಯವರಿಗೆ ಬಗ್ಗಿಸೋದು ಒಂದೇ ಕಡೆ ಗೊತ್ತು," ಎಂದು ಛೇಡಿಸಿದರು. ಬದುಕಿದೆವು ಎಂಬಂತೆ ಇಬ್ಬರೂ ಗಾಳಿಸೇವನೆಗೆ ಓಣಿಗೆ ಹೋದರು. ಛೀಯಕ್ಕನಿಗೆ ಮನಸ್ಸು ಹಗುರಾಯಿತು. ತಾನೊಬ್ಬಳೇ ಈ ಮನೆಯಲ್ಲಿ ಸರಿಯಾದದ್ದನ್ನು ಮಾಡಿದವಳು ಎಂದು ಒಳಗೊಳಗೇ ಅನ್ನಿಸಿತು ಕೂಡ. ಬಿಲ್ಲನ್ನು ಮಾವನ ತೊಡೆಯಿಂದ ಎತ್ತಿ ಪಕ್ಕಕ್ಕಿಟ್ಟು ಹೊದಿಕೆ ಸರಿಮಾಡಲು ಬಗ್ಗಿದಳು.

ಮಾವ ಅವಳ ಮಣಿಕಟ್ಟು ಹಿಡಿದರು.

"ಈ ವಾರವೆಲ್ಲ ಎಷ್ಟು ಚೆನ್ನಾಗಿ ನಿದ್ದೆ ಬರ್ತಿತ್ತು ಕಣಮ್ಮ," ಅಂದರು. "ನಾನು ಹೋದಮೇಲೆ ಹೇಳಬಹುದಿತ್ತಲ್ಲ."

ಅವರು ಕೈಬಿಟ್ಟು ಗೋಡೆಯ ಕಡೆ ತಿರುಗಿ ಮಲಗಿದರು. ಅವಳು ಸ್ವಲ್ಪ ಹೊತ್ತು ಬಿಟ್ಟು ಬಗ್ಗಿ ನೋಡಿದಾಗಲೂ ಅವರ ಕಣ್ಣುಗಳು ತೆರೆದೇ ಇದ್ದವು.