ದಿಂಬಿನ ಪಕ್ಕದ ಸಮುದ್ರ

ನಮ್ಮ ಮನೆಯವರದು ಫ್ರೇಮ್ ಹಾಕುವ ಅಂಗಡಿ. ಮದುವೆ ಫೋಟೋ, ಸರ್ಟಿಫಿಕೇಟು, ತೀರಿಕೊಂಡವರ ಭಾವಚಿತ್ರ, ಯಾವುದಕ್ಕೂ ಇಲ್ಲ ಅನ್ನುವುದಿಲ್ಲ. ಆದರೆ ಜೀವವೆಲ್ಲ ಸಮುದ್ರದ ಚಿತ್ರಗಳ ಮೇಲೆ. ಯಾರೋ ಕಲಾವಿದರು ಇದ್ದದ್ದನ್ನು ಇದ್ದ ಹಾಗೆಯೇ ಬಣ್ಣದಲ್ಲಿ ಇಳಿಸಿದ ಸಮುದ್ರಗಳು. ಅವುಗಳ ಅಚ್ಚುಪ್ರತಿಗಳು ರಟ್ಟಿನ ಕೊಳವೆಯಲ್ಲಿ ಸುರುಳಿ ಸುತ್ತಿಕೊಂಡು ಬರುತ್ತವೆ. ಮೇಜಿನ ಮೇಲೆ ಬಿಚ್ಚಿ ನಾಲ್ಕು ಮೂಲೆಗೂ ತೂಕ ಇಟ್ಟರೆ, ನೊರೆ ಈಗಷ್ಟೇ ಒಡೆದಂತೆ ಕಾಣುತ್ತದೆ. ಈ ಮನುಷ್ಯ ಕೆಲಸ ಬಿಟ್ಟು ಅದನ್ನೇ ನೋಡುತ್ತಾ ನಿಂತುಬಿಡುತ್ತಾರೆ. ಊಟಕ್ಕೆ ಕರೆದರೆ "ಬಂದೆ" ಅನ್ನುತ್ತಾರೆ, ಬರುವುದಿಲ್ಲ. ಚೆನ್ನಾಗಿ ಬೈಯೋಣವೆಂದು ಒಳಗೆ ಹೋದ ನಾನೂ ಪಕ್ಕದಲ್ಲಿ ನಿಂತು ಮೈಮರೆತದ್ದುಂಟು, ಒಲೆಯ ಮೇಲಿಟ್ಟದ್ದು ಸೀದುಹೋದದ್ದೂ ಉಂಟು. ನಮ್ಮೂರಿಂದ ಸಮುದ್ರಕ್ಕೆ ಎರಡು ದಿನದ ದಾರಿ. ಅದಕ್ಕೇ ಬೀದಿಯವರು ಇವರಿಗೆ ಕಡಲಪ್ಪ ಎಂದು ಹೆಸರಿಟ್ಟಿದ್ದಾರೆ.

ಚಿತ್ರ ಕೊಂಡವರ ಮನೆಗೆ ತಾವೇ ಹೋಗಿ ಮೊಳೆ ಹೊಡೆಯಬೇಕೆಂಬುದು ಇವರ ಹಠ. "ಇದನ್ನ ಜಾಸ್ತಿ ನೋಡೋರು ಯಾರು?" ಎಂದು ಮೊದಲು ಕೇಳುತ್ತಾರೆ. ಅವರನ್ನು ದಿನಾ ಕೂರುವ ಕುರ್ಚಿಯಲ್ಲಿ ಕೂರಿಸಿ, ನೀರೂ ಆಕಾಶವೂ ಕೂಡುವ ಗೆರೆ ಅವರ ಕಣ್ಣಿನ ಮಟ್ಟಕ್ಕೆ ಬರುವಂತೆ ಗುರುತು ಹಾಕುತ್ತಾರೆ. "ದಡದಲ್ಲಿ ಕೂತೋರಿಗೆ ಆ ಗೆರೆ ಯಾವಾಗ್ಲೂ ಕಣ್ಣಿಗೆ ಸಮನಾಗೇ ಇರುತ್ತೆ ಕಣೇ. ಮೇಲೆ ಹಾಕಿದ್ರೆ ಮುಳುಗಿದ ಹಾಗಾಗುತ್ತೆ" ಎಂದು ನನಗೇ ಪಾಠ ಬೇರೆ.

ಹೋದ ವರ್ಷ ಇವರ ಅಕ್ಕ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ತಾಯಿಯಿಲ್ಲದ ಇವರನ್ನು ಎತ್ತಿ ಆಡಿಸಿ ಬೆಳೆಸಿದವರು ನಮ್ಮ ಅತ್ತಿಗೆ. ಮದುವೆಯಾಗಿ ಹೋದದ್ದು ಸಮುದ್ರದ ದಡದ ಊರಿಗೆ. ನಲವತ್ತು ವರ್ಷ ಬಾಗಿಲು ತೆಗೆದರೆ ಎದುರಿಗೆ ನೀರು. ಈಗ ಗಂಡ ಇಲ್ಲ, ಮಕ್ಕಳಂತೂ ಆಗಲೇ ಇಲ್ಲ. ಆಪರೇಷನ್ ಮುಗಿದ ಮೇಲೆ ನಮ್ಮ ಮನೆಗೇ ಕರೆತಂದು ಹಿಂದಿನ ಕೋಣೆಯಲ್ಲಿ, ಗೋಡೆಗೆ ಒತ್ತಿಸಿ ಮಂಚ ಹಾಕಿದೆವು. ಅತ್ತಿಗೆ ಗೋಡೆಯ ಕಡೆ ಮಗ್ಗುಲಾಗಿ ಮಲಗಿದರು. ಮಲಗಿದವರು ಈ ಕಡೆ ತಿರುಗಲೇ ಇಲ್ಲ.

"ಮೂಳೆ ಕೂಡಿದೆ, ಇನ್ನು ಎದ್ದು ಕೂರಲೇಬೇಕು" ಎಂದರು ಡಾಕ್ಟರು, ನಮ್ಮಿಬ್ಬರನ್ನೂ ಹೊರಗೆ ಕರೆದು. "ಹೀಗೇ ಮಲಗಿದ್ರೆ ಎದೇಲಿ ಕಫ ಕಟ್ಟುತ್ತೆ. ಆಮೇಲೆ ನಮ್ಮ ಕೈಲಿ ಏನೂ ಇರಲ್ಲ."

ನಾನು ಮೊದಲೇ ಮುಂಗೋಪಿ. ಗದರಿದೆ, ಗೋಗರೆದೆ, ಇನ್ನು ನಿಮ್ಮ ಜೊತೆ ಮಾತೇ ಆಡುವುದಿಲ್ಲ ಎಂದು ಹೆದರಿಸಿಯೂ ನೋಡಿದೆ. "ಬಿಡಮ್ಮಾ, ಆ ಕಡೆ ಏನಿದೆ ಅಂತ ತಿರುಗಲಿ?" ಎಂದರು, ಅಷ್ಟೇ. ಇವರು ಅಂಗಡಿಯ ಅತಿ ಚೆಂದದ ಸಮುದ್ರವನ್ನು ತಂದು ಎದುರು ಗೋಡೆಗೆ ಹಾಕಿದರು. "ಅಕ್ಕಾ, ಒಂದೇ ಒಂದ್ಸಲ ಈ ಕಡೆ ನೋಡೇ." ಊಹೂಂ. ಮರುವಾರ ಬಿರುಗಾಳಿಯ ಸಮುದ್ರ ಬಂತು, ಅದರ ಮರುವಾರ ಸಂಜೆಯದು. ಆ ಬೆನ್ನು ಜಪ್ಪಯ್ಯ ಎನ್ನಲಿಲ್ಲ.

ಒಂದು ಮಧ್ಯಾಹ್ನ ನೋಡುತ್ತೇನೆ, ಇವರು ಅಕ್ಕನ ಬೆನ್ನ ಹಿಂದೆ ಮಂಚದ ಅಂಚಿನಲ್ಲಿ ಮುದುಡಿ ಮಲಗಿ, ಅತ್ತಿಗೆ ನೋಡುತ್ತಿದ್ದ ಬರೀ ಗೋಡೆಯನ್ನೇ ನೋಡುತ್ತಿದ್ದಾರೆ. ಎಷ್ಟೋ ಹೊತ್ತಿನ ಮೇಲೆ ಎದ್ದು ಅಂಗಡಿಗೆ ಹೋಗಿ ಇಳಿತದ ಸಮುದ್ರದ ಚಿತ್ರ ತಂದರು. ಕಿಟಕಿಯ ಬೆಳಕು ಹೊಳೆಯದಿರಲೆಂದು ಗಾಜು ತೆಗೆದರು. ಆಮೇಲೆ ಮಂಚದ ಪಕ್ಕದ ಗೋಡೆಗೇ, ಕೈಚಾಚಿದರೆ ಸಿಗುವಷ್ಟು ಕೆಳಗೆ, ಅದನ್ನು ಉದ್ದಕ್ಕೆ ನಿಲ್ಲಿಸಿ ಮೊಳೆ ಹೊಡೆದರು. ಆಕಾಶ ದಿಂಬಿನ ಕಡೆ, ಮರಳು ಕಾಲಿನ ಕಡೆ.

"ರೀ, ತಲೆ ನೆಟ್ಟಗಿದೆ ತಾನೆ? ನೀರೆಲ್ಲ ಹಾಸಿಗೆ ಮೇಲೆ ಸುರಿಯುತ್ತೆ!" ಎಂದು ಕೂಗಿದೆ.

"ನಿಂತು ನೋಡ್ಬೇಡ. ಮಲಗಿ ನೋಡು."

ಮಲಗಿದೆ. ಅಬ್ಬಾ! ಅಡ್ಡಾದಿಡ್ಡಿ ಕಂಡದ್ದೆಲ್ಲ ಸದ್ದಿಲ್ಲದೆ ನೆಟ್ಟಗಾಯಿತು. ಒದ್ದೆ ಮರಳು, ಒಂದು ಕಪ್ಪು ಬಂಡೆ, ಅದರಾಚೆ ಹಿಂದೆ ಸರಿಯುತ್ತಿರುವ ನೀರು.

ಮೂರನೆಯ ದಿನ ಅತ್ತಿಗೆ ಗೋಡೆಗೆ ಹೇಳುವಂತೆ, "ಆ ಬಂಡೆ ಹಿಂದೆ ನೀರು ಬೆಚ್ಚಗಿರುತ್ತೆ" ಎಂದರು. ಅಂದಿನಿಂದ ಮಧ್ಯಾಹ್ನದ ಕೆಲಸ ಮುಗಿಸಿ ನಾನೂ ಅವರ ಬೆನ್ನಿಗೆ ಬೆಚ್ಚಗೆ ಒರಗತೊಡಗಿದೆ. ಅವರು ಮೆಲ್ಲಗೆ ಹೇಳುತ್ತಾ ಹೋಗುತ್ತಿದ್ದರು: ಇಳಿತದಲ್ಲಿ ಚಿಪ್ಪು ಆರಿಸಿದ್ದು, ಗಂಡ ಚಪ್ಪಲಿ ಕೈಯಲ್ಲಿ ಹಿಡಿದು ನಡೆದು ಬರುತ್ತಿದ್ದದ್ದು. ಅರ್ಧ ಕೇಳಿ ಅರ್ಧ ನಿದ್ದೆ ಹೋಗುತ್ತಿದ್ದೆ. ಎಚ್ಚರವಾದಾಗ ನೀರು ಚಿತ್ರದಲ್ಲಿದೆಯೋ ಕೋಣೆಯಲ್ಲಿದೆಯೋ ತಿಳಿಯುತ್ತಿರಲಿಲ್ಲ. ಪರದೆ ಅಲುಗಿದರೂ ಅಲೆ ಬಂತೆಂದು ಕಾಲು ಮಡಚಿಕೊಳ್ಳುತ್ತಿದ್ದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಅಷ್ಟು ಸುಖದ ಮಧ್ಯಾಹ್ನಗಳನ್ನು ನಾನು ಮತ್ತೆ ಕಂಡಿಲ್ಲ.

ಆದರೆ ಅತ್ತಿಗೆ ಏಳಲಿಲ್ಲ. ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಮುಖ ಚಿಕ್ಕದು ಮಾಡಿಕೊಂಡರು. ಗೊರಗೊರ ಶುರುವಾಗಿತ್ತು.

ಇವರು ಅಡುಗೆಮನೆಗೆ ಬಂದು ಗೋಡೆಗೆ ಒರಗಿ ಕೂತರು. "ನಾನೇ ಕೆಡಿಸಿದೆ ಕಣೇ. ಗೋಡೆ ಬೇಜಾರಾಗಿ ಎಂದಾದ್ರೂ ತಿರುಗ್ತಿದ್ಲು. ಅಲ್ಲಿಗೇ ಸಮುದ್ರ ತಂದಿಟ್ಟು ಅವಳನ್ನ ಗೋಡೆಗೇ ಅಂಟಿಸಿಬಿಟ್ಟೆ." ಮಗುವಿನ ಹಾಗೆ ಅತ್ತರು. ಚಿತ್ರ ತೆಗೆದುಬಿಡೋಣ ಎಂದರು. ನಾಳೆ ನೋಡೋಣ ಎಂದೆ, ನನಗೇ ಮನಸ್ಸು ಬರಲಿಲ್ಲ.

ಬೆಳಗ್ಗೆ ನಾನು ಬಟ್ಟೆ ಹಿಂಡುತ್ತಿದ್ದೆ, ಇವರು ಗಡ್ಡ ಹೆರೆಯುತ್ತಿದ್ದರು. ಒಳಗಿಂದ ಒಂದು ದನಿ ಸಿಡಿಯಿತು.

"ಏಯ್ ದಡ್ಡಾ! ಯಾವನೋ ಇದನ್ನ ಅಡ್ಡ ಹಾಕಿದೋನು?"

ಓಡಿದೆವು. ಅತ್ತಿಗೆ ಮಂಚದ ಅಂಚಿನಲ್ಲಿ ಕೂತಿದ್ದರು! ಎರಡು ಕೈಯನ್ನೂ ಹಾಸಿಗೆಗೆ ಊರಿ, ಏದುಸಿರು ಬಿಡುತ್ತಾ, ಹೆಗಲ ಮೇಲಿಂದ ಚಿತ್ರವನ್ನು ದುರುಗುಟ್ಟಿ ನೋಡುತ್ತಿದ್ದರು.

"ಕಣ್ಣು ಬಿಟ್ರೆ ನೀರು ಏರ್ತಾ ಇತ್ತು. ಬಂಡೆ ಹಿಂದೆ ಎಲ್ಲಿವರೆಗೆ ಬಂತು ನೋಡೋಣ ಅಂತ ಎದ್ರೆ, ಎಲ್ಲಾ ಅಡ್ಡ! ನಮ್ಮ ತಮ್ಮ ಫ್ರೇಮ್ ಹಾಕ್ತಾನೆ ಅಂತ ಊರೆಲ್ಲ ಕೊಚ್ಕೊಂಡಿದ್ದೀನಿ. ಹೀಗೇನೋ ಹಾಕೋದು? ನೆಟ್ಟಗೆ ಮಾಡು!"

ಅರ್ಧ ಮುಖಕ್ಕೆ ಸೋಪಿನ ನೊರೆ ಹಚ್ಚಿಕೊಂಡಿದ್ದ ಇವರು ಚಿತ್ರದ ಕಡೆ ನೋಡಲೂ ಇಲ್ಲ. ಕುಸಿದು ಕೂತು, ನೆಲಕ್ಕೆ ಊರಿದ ಅಕ್ಕನ ಎರಡೂ ಪಾದಗಳನ್ನು ಹಿಡಿದುಕೊಂಡುಬಿಟ್ಟರು.

"ಅಳೋದು ಆಮೇಲೆ ಅಳು" ಎಂದು ಗದರಿದರು ಅತ್ತಿಗೆ. "ಮೊದ್ಲು ಅದನ್ನ ಸರಿ ಮಾಡು. ನಾನು ಎಷ್ಟು ಹೊತ್ತು ಅಂತ ಹೀಗೆ ಕೂತಿರ್ಲಿ?"